ವಾಲಿ ಕೇಳಿದ ಪ್ರಶ್ನೆಗಳು: ಏಷ್ಯಾದ ಹಳೆಯ ಕೃತಿಗಳನ್ನು ನಾವು ಇಂದಿಗೂ ಓದಬೇಕೇ?

ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಈ ಮಳೆಗಾಲದಲ್ಲಿ ನಮ್ಮ ಓದುಗರ ಬಳಗದಲ್ಲಿ ಯಾವ ಪುಸ್ತಕಗಳನ್ನು ಕೈಗೆತ್ತಿಕೊಳ್ಳಬೇಕೆಂಬ ಮಾತು ಬಂದಾಗ, ಹಳೆಯ ಕೃತಿಗಳನ್ನು ಓದಿ ಇಂದಿನವರಿಗೆ ಆಗಬೇಕಾದದ್ದೇನು ಎಂದು ಕೆಲವರು ನೇರವಾಗಿ ಕೇಳಿದರು. ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರಗಳು ನನಗೆ ಒಪ್ಪಿಗೆಯಾಗಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮನಶ್ಶಾಂತಿ ಸಿಗುತ್ತದೆ, ಸಂಸ್ಕಾರ ಬರುತ್ತದೆ, ಹಿರಿಯರ ಹಿರಿಮೆ ತಿಳಿಯುತ್ತದೆ ಎಂದು ಕಾರಣ ಕೊಡುವವರಿದ್ದಾರೆ. ಬುದ್ಧನ ಹೆಸರಿನಲ್ಲಿ, ಕನ್‌ಫ್ಯೂಷಿಯಸ್‌ನ ಹೆಸರಿನಲ್ಲಿ ಎರಡೆರಡು ಸಾಲಿನ ಹಿತವಚನಗಳು ದಿನಬೆಳಗಾದರೆ ನಮ್ಮ ಫೋನುಗಳಿಗೆ ಬರುತ್ತಿರುವುದೂ ಇದೇ ನಂಬಿಕೆಯಿಂದ. ಅವುಗಳಲ್ಲಿ ಎಷ್ಟನ್ನು ಅವರು ನಿಜವಾಗಿ ಹೇಳಿದ್ದರೋ ಆ ಮಾತು ಬೇರೆ. ಹೇಳಿದ್ದರೂ ಅದನ್ನು ನೋಡುವುದು ಓದು ಎನಿಸಿಕೊಳ್ಳುವುದಿಲ್ಲ. ದೊಡ್ಡ ಕೃತಿ ತನ್ನ ತೀರ್ಮಾನವನ್ನು ನಮ್ಮ ಕೈಯಲ್ಲಿಟ್ಟು ಹೋಗುವುದಿಲ್ಲ. ಆ ತೀರ್ಮಾನಕ್ಕೆ ಎದುರಾಗಿ ಹೇಳಬಹುದಾದ ಮಾತುಗಳನ್ನೆಲ್ಲ ಅದು ತನ್ನೊಳಗೇ ಹೇಳಗೊಡುತ್ತದೆ. ನಾನು ಈ ಕೃತಿಗಳಿಗೆ ಬೆಲೆ ಕೊಡುವುದು ಆ ಕಾರಣಕ್ಕಾಗಿ.

ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡದ 17ನೆಯ ಸರ್ಗವನ್ನೇ ತೆಗೆದುಕೊಳ್ಳಿ. ಬಾಣ ನಾಟಿ ನೆಲಕ್ಕೆ ಬಿದ್ದ ವಾಲಿ ರಾಮನನ್ನು ಒಂದೊಂದಾಗಿ ಕೇಳುತ್ತಾನೆ: ನಾನು ಇನ್ನೊಬ್ಬನೊಡನೆ ಹೋರಾಡುತ್ತಿದ್ದಾಗ ಕಾಣದಂತೆ ನಿಂತು ಹೊಡೆದದ್ದು ಯಾವ ಕ್ಷತ್ರಿಯಧರ್ಮ? ನಿನ್ನ ನಾಡಿಗಾಗಲಿ ನಿನ್ನ ಊರಿಗಾಗಲಿ ನಾನು ಮಾಡಿದ ಕೇಡೇನು? ನನ್ನ ಚರ್ಮ ಉಡಲು ಬಾರದು, ಮಾಂಸ ತಿನ್ನಲು ಬಾರದು. ಹಾಗಿರುವಾಗ ನನ್ನನ್ನು ಕೊಂದದ್ದೇಕೆ? ನನ್ನನ್ನೇ ಕೇಳಿದ್ದರೆ ಸೀತೆಯನ್ನು ಒಂದೇ ದಿನದಲ್ಲಿ ತಂದು ಒಪ್ಪಿಸುತ್ತಿದ್ದೆನಲ್ಲ? ಮುಂದಿನ ಸರ್ಗದಲ್ಲಿ ರಾಮ ಉತ್ತರಿಸುತ್ತಾನೆ. ಈ ನೆಲವೆಲ್ಲ ಇಕ್ಷ್ವಾಕುಗಳದು, ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಇದೇ ದಂಡನೆ ಎಂಬುದು ಒಂದು ಉತ್ತರ. ನೀನು ಮೃಗ, ಮೃಗವನ್ನು ಮರೆಯಲ್ಲಿ ನಿಂತು ಬೇಟೆಯಾಡುವುದರಲ್ಲಿ ದೋಷವಿಲ್ಲ ಎಂಬುದು ಇನ್ನೊಂದು. ಮನುಷ್ಯರ ಧರ್ಮದಿಂದ ಅಳೆಯಬೇಕಾದವನಾಗಿದ್ದರೆ ಅವನು ಬೇಟೆಯ ಮೃಗವಾಗಲಾರ, ಮೃಗವಾಗಿದ್ದರೆ ಆ ಧರ್ಮದಿಂದ ಅವನನ್ನು ಅಳೆಯಬಾರದು. ಕಾವ್ಯದಲ್ಲಿ ವಾಲಿ ಒಪ್ಪಿಕೊಂಡು ಸಾಯುತ್ತಾನೆ. ಓದುಗನಿಗೆ ಮಾತ್ರ ಅಷ್ಟು ಸುಲಭವಾಗಿ ಒಪ್ಪಲು ಆಗುವುದಿಲ್ಲ. ವೇಷ, ಕುಣಿತಗಳಿಲ್ಲದೆ ಕುಳಿತು ಹಾಡು ಮಾತುಗಳಲ್ಲೇ ಕಥೆ ನಡೆಸುವ ನಮ್ಮ ಸೀಮೆಯ ತಾಳಮದ್ದಳೆಯಲ್ಲಿ ವಾಲಿವಧೆ ಪ್ರಸಂಗ ನಡೆದಾಗ, ಕಥೆಯ ಕೊನೆ ಏನೆಂದು ಪ್ರತಿಯೊಬ್ಬರಿಗೂ ಗೊತ್ತಿದ್ದರೂ ಜನ ನಿದ್ದೆಗೆಟ್ಟು ಕೂರುವುದು ವಾಲಿಯ ಮಾತಾಡುವ ಅರ್ಥಧಾರಿ ಈ ಸಲ ಯಾವ ಹೊಸ ಪ್ರಶ್ನೆ ಎತ್ತುತ್ತಾನೆ, ರಾಮನ ಅರ್ಥಧಾರಿ ಅದನ್ನು ಹೇಗೆ ಎದುರಿಸುತ್ತಾನೆ ಎಂದು ಕೇಳಲಿಕ್ಕೆ.

ಏಷ್ಯಾದ ಬೇರೆ ಕೃತಿಗಳನ್ನೂ ಇದೇ ಕಿವಿಯಿಂದ ಕೇಳಬಹುದೇ? ಕೇಳಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ನೀವೆಲ್ಲ ಏನು ಹೇಳುತ್ತೀರಿ?

ಅಡಿಕೆಚಪ್ಪರ (ಕೊಪ್ಪ)

ಮಾತು ಚೆನ್ನಾಗಿದೆ. ಆದರೆ ಹಳಗನ್ನಡ ನಮ್ಮಲ್ಲಿ ಹೆಚ್ಚಿನವರಿಗೆ ಓದಲು ಬರುವುದಿಲ್ಲ, ಸಂಸ್ಕೃತ, ಪಾಳಿ, ಚೀನೀ ಭಾಷೆಗಳ ಮಾತಂತೂ ದೂರವೇ ಉಳಿಯಿತು. ಕೊಯ್ಲಿನ ಕಾಲದಲ್ಲಿ ಪತ್ರಿಕೆ ಓದಲಿಕ್ಕೂ ಪುರುಸೊತ್ತಿರುವುದಿಲ್ಲ. ಇಂಥವರಿಗೆ ದಾರಿ ಯಾವುದು ಎಂದು ತಿಳಿದವರು ಹೇಳಬೇಕು.

ಗಮಕಪ್ರಿಯ (ಶಿವಮೊಗ್ಗ)

ಕೊಪ್ಪದವರ ಪ್ರಶ್ನೆಗೆ ಉತ್ತರ ನಮ್ಮ ಜಿಲ್ಲೆಯಲ್ಲಿಯೇ ಇದೆ. ತುಂಗೆಯ ದಡದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಲ್ಲಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ನಿಮಗೆಲ್ಲ ನೆನಪಿರಬಹುದು. ಗಮಕದಲ್ಲಿ ಒಬ್ಬರು ಪದ್ಯವನ್ನು ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಅರ್ಥಕ್ಕೆ ತಕ್ಕಂತೆ ಪದಗಳನ್ನು ಬಿಡಿಸಿ ಹಾಡುವುದರಿಂದ, ಅಚ್ಚಿನಲ್ಲಿ ಕಲ್ಲಿನಂತೆ ಕಂಡ ಭಾಮಿನಿ ಷಟ್ಪದಿ ಕಿವಿಗೆ ಬಿದ್ದಾಗ ಅರ್ಧ ತಾನಾಗಿ ತಿಳಿಯುತ್ತದೆ. ಅಕ್ಷರ ಬಾರದ ಎಷ್ಟೋ ಅಜ್ಜಿಯರಿಗೆ ಕುಮಾರವ್ಯಾಸನೂ ಲಕ್ಷ್ಮೀಶನ ಜೈಮಿನಿಯೂ ಬಾಯಿಪಾಠವಾಗಿದ್ದದ್ದು ಹೀಗೆ ಕೇಳಿಯೇ. ಆದ್ದರಿಂದ ಮೊದಲು ಕೇಳೋಣ, ಆಮೇಲೆ ಪುಸ್ತಕ ತೆರೆಯೋಣ.

ತೀರ್ಥಹಳ್ಳಿಯವರ ಮಾತಿಗೆ ಇನ್ನೊಂದು ಪ್ರಸಂಗವನ್ನು ಸೇರಿಸುತ್ತೇನೆ. ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನನ್ನು ರಥದಲ್ಲಿ ಕೂರಿಸಿಕೊಂಡು ಅವನ ಹುಟ್ಟಿನ ಗುಟ್ಟನ್ನು ಹೇಳುತ್ತಾನೆ. ಕುಮಾರವ್ಯಾಸನ ಕರ್ಣನಿಗೆ ಕೊರಳ ಸೆರೆಯುಬ್ಬುತ್ತದೆ, ಕಣ್ಣೀರು ಉಕ್ಕುತ್ತದೆ. ಆದರೂ ಅವನು ಅನ್ನವಿಟ್ಟ ಒಡೆಯನನ್ನು ಬಿಟ್ಟು ಬರಲು ಒಪ್ಪುವುದಿಲ್ಲ. ಇದರ ಪಕ್ಕದಲ್ಲಿ ಕನ್‌ಫ್ಯೂಷಿಯಸ್‌ನ ಸಂವಾದಗಳ ಹದಿಮೂರನೆಯ ಭಾಗದಲ್ಲಿ ಬರುವ ಒಂದು ಸಣ್ಣ ಮಾತುಕತೆಯನ್ನು ಇಟ್ಟು ನೋಡಿ. ನಮ್ಮ ನಾಡಿನಲ್ಲಿ ಒಬ್ಬ ನೇರವಂತನಿದ್ದಾನೆ, ತಂದೆ ಕುರಿ ಕದ್ದಾಗ ಮಗನೇ ಸಾಕ್ಷಿ ಹೇಳಿದ ಎಂದು ಒಬ್ಬ ಅಧಿಪತಿ ಹೊಗಳಿಕೊಳ್ಳುತ್ತಾನೆ. ನಮ್ಮಲ್ಲಿ ತಂದೆ ಮಗನ ತಪ್ಪನ್ನು ಮರೆಮಾಡುತ್ತಾನೆ, ಮಗ ತಂದೆಯದನ್ನು. ನೇರತನ ಅದರಲ್ಲಿಯೇ ಇದೆ ಎಂದು ಕನ್‌ಫ್ಯೂಷಿಯಸ್ ಉತ್ತರಿಸುತ್ತಾನೆ. ಕರ್ಣ ರಕ್ತಸಂಬಂಧಕ್ಕಿಂತ ಋಣ ದೊಡ್ಡದೆನ್ನುತ್ತಾನೆ, ಆ ಚೀನೀ ಗುರು ಕಾನೂನಿಗಿಂತ ರಕ್ತಸಂಬಂಧ ದೊಡ್ಡದೆನ್ನುತ್ತಾನೆ. ಊರಿನ ಪಂಚಾಯಿತಿ ಕಟ್ಟೆಯ ಮೇಲೆ ಸ್ವಂತ ಅಣ್ಣನ ಮೇಲೆಯೇ ದೂರು ಬಂದಾಗ ಏನು ಮಾಡಬೇಕೆಂದು ತಿಳಿಯದೆ ಕುಳಿತವರಿಗೆ ಇವೆರಡೂ ಸತ್ತ ಪ್ರಶ್ನೆಗಳಲ್ಲ.

ಭದ್ರೆಯ ದನಿ (ಭದ್ರಾವತಿ)

ನಾನು ಇಲ್ಲಿ ಒಂದು ಗಟ್ಟಿಯಾದ ತಕರಾರನ್ನು ಎತ್ತಲೇಬೇಕು. ಯಾರ ಕೃತಿಗಳು ಇವು? ತಪಸ್ಸು ಮಾಡಿದ ಏಕೈಕ ಕಾರಣಕ್ಕೆ ಶಂಬೂಕನ ತಲೆ ಹಾರಿಸಿದ ಕಥೆ ರಾಮಾಯಣದ ಉತ್ತರಕಾಂಡದಲ್ಲಿದೆ. ಬಿಲ್ವಿದ್ಯೆ ಕಲಿತದ್ದಕ್ಕಾಗಿ ಏಕಲವ್ಯ ಹೆಬ್ಬೆರಳು ಕೊಟ್ಟ ಕಥೆ ಮಹಾಭಾರತದಲ್ಲಿದೆ. ನಮ್ಮ ತಾತ ಮುತ್ತಾತಂದಿರು ಈ ಪುರಾಣಗಳನ್ನು ಜಗಲಿಯ ಕೆಳಗೆ ಅಂಗಳದಲ್ಲಿ ನಿಂತು ಕೇಳಿಸಿಕೊಂಡವರು. ಅವರಿಗೆ ಅದರಲ್ಲಿ ಸಿಕ್ಕಿದ್ದು ಪ್ರಶ್ನೆ ಕೇಳುವ ಸ್ವಾತಂತ್ರ್ಯವಲ್ಲ, ತಮ್ಮ ಜಾಗ ಯಾವುದೆಂಬ ಆಜ್ಞೆ. ಮೇರುಕೃತಿ ಎಂದು ಹೊಗಳುವಾಗ ಈ ಚರಿತ್ರೆಯನ್ನು ಬದಿಗಿಟ್ಟರೆ, ಆ ಓದಿನಲ್ಲಿ ನನಗೆ ಪಾಲಿಲ್ಲ.

ತುಂಗಾತೀರ (ತೀರ್ಥಹಳ್ಳಿ)

ಭದ್ರಾವತಿಯ ಗೆಳೆಯರೇ, ನಿಮ್ಮ ಮಾತನ್ನು ಬದಿಗಿಟ್ಟು ಮುಂದೆ ಹೋಗುವ ಓದು ನನಗೂ ಬೇಡ. ಇದಕ್ಕೆ ಉತ್ತರವನ್ನು ನಾನು ನನ್ನ ತಾಲ್ಲೂಕಿನವರೇ ಆದ ಕುವೆಂಪು ಅವರಲ್ಲಿ ಹುಡುಕಿಕೊಳ್ಳುತ್ತೇನೆ. ಶಂಬೂಕನ ಕಥೆಯನ್ನು ಅವರು ಓದದೆ ಬಿಡಲಿಲ್ಲ. 1944ರ ‘ಶೂದ್ರ ತಪಸ್ವಿ’ಯಲ್ಲಿ ರಾಮನ ಅಸ್ತ್ರ ತಪಸ್ವಿಯ ಕಡೆಗೆ ಹೋಗದೆ, ಅವನನ್ನು ಕೊಲ್ಲಿಸಬೇಕೆಂದು ಹಟ ಹಿಡಿದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುವಂತೆ ಮಾಡಿದರು. ಏಕಲವ್ಯನನ್ನು 1947ರ ‘ಬೆರಳ್‌ಗೆ ಕೊರಳ್’ ನಾಟಕದಲ್ಲಿ ಮತ್ತೆ ಎದುರುಗೊಂಡರು. 1949ರಲ್ಲಿ ಬಂದ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಸೀತೆಯೊಬ್ಬಳೇ ಬೆಂಕಿಗೆ ಇಳಿಯುವುದಿಲ್ಲ, ರಾಮನೂ ಇಳಿಯುತ್ತಾನೆ. ಹಳೆಯದನ್ನು ಅಕ್ಷರ ಅಕ್ಷರವಾಗಿ ಬಲ್ಲವರಿಂದ ಮಾತ್ರ ಇಂಥ ತಿದ್ದುಪಡಿ ಸಾಧ್ಯ. ಓದದೆ ಬಿಟ್ಟರೆ ಆ ಕಥೆಗಳು ಇಲ್ಲವಾಗುವುದಿಲ್ಲ. ಅವು ಈಗಾಗಲೇ ನಮ್ಮ ಗಾದೆಗಳಲ್ಲಿ, ಹರಕೆಗಳಲ್ಲಿ, ಮದುವೆಯ ಮಾತುಕತೆಗಳಲ್ಲಿ ಸೇರಿಕೊಂಡಿವೆ. ಅಲ್ಲಿಂದ ಅವುಗಳನ್ನು ಹೊರತೆಗೆದು ಬೆಳಕಿನಲ್ಲಿ ನೋಡಬೇಕಾದರೂ ಓದಲೇಬೇಕು.

ಜೊತೆಗೆ, ಒಂದೇ ಕಥೆಗೆ ಏಷ್ಯಾದಲ್ಲಿ ಎಷ್ಟು ಬಾಯಿಗಳಿವೆ ಎಂಬುದನ್ನೂ ನಾವು ಮರೆಯಬಾರದು. ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ ಜೈನ ಪರಂಪರೆಯದು. ಅದರಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ, ರಾವಣನೋ ಪಶ್ಚಾತ್ತಾಪಪಡಬಲ್ಲ ದೊಡ್ಡ ಮನುಷ್ಯ. ಜಾವಾದ ಹಳೆಯ ಭಾಷೆಯ ಕಕವಿನ್ ರಾಮಾಯಣ ಹೆಚ್ಚಾಗಿ ಭಟ್ಟಿಕಾವ್ಯವನ್ನು ಅನುಸರಿಸಿದೆ, ಥಾಯ್ ಜನರಿಗೆ ತಮ್ಮದೇ ಆದ ರಾಮಕಿಯನ್ ಇದೆ. ಇಷ್ಟು ಪಾಠಗಳನ್ನು ಬಲ್ಲವನಿಗೆ, ಇದೊಂದೇ ನಿಜವಾದ ರಾಮಾಯಣ ಎಂದು ಯಾರಾದರೂ ಮೇಜು ಗುದ್ದಿ ಹೇಳಿದಾಗ ಹೆದರಿಕೆಯಾಗುವುದಿಲ್ಲ.

ಉಡುತಡಿಯ ಹಾದಿ (ಶಿಕಾರಿಪುರ)

ಇಲ್ಲಿಯವರೆಗೆ ಮಾತಾಡಿದವರೆಲ್ಲ ಗಂಡಸರ ಕೃತಿಗಳನ್ನೇ ಹೆಸರಿಸಿದ್ದೀರಿ. ಪಾಳಿ ಭಾಷೆಯ ‘ಥೇರೀಗಾಥಾ’ವನ್ನು ದಯವಿಟ್ಟು ಈ ಪಟ್ಟಿಗೆ ಸೇರಿಸಿ. ಬುದ್ಧನ ಸಂಘವನ್ನು ಸೇರಿದ ಹೆಂಗಸರು ಹಾಡಿದ 73 ಪದ್ಯಗಳು ಅದರಲ್ಲಿವೆ. ಮುತ್ತಾ ಎಂಬ ಭಿಕ್ಷುಣಿ ತಾನು ಮೂರು ಡೊಂಕುಗಳಿಂದ ಬಿಡುಗಡೆಯಾದೆ ಎನ್ನುತ್ತಾಳೆ: ಒರಳು, ಒನಕೆ, ಡೊಂಕು ಬೆನ್ನಿನ ಗಂಡ. ಆಮೇಲಷ್ಟೇ ಹುಟ್ಟುಸಾವುಗಳಿಂದ ಬಿಡುಗಡೆಯಾದ ಮಾತನ್ನು ಆಡುತ್ತಾಳೆ. ಮಗಳೊಬ್ಬಳು ಭತ್ತ ಕುಟ್ಟಿ ಕುಟ್ಟಿ ಸವೆಸಿದ ಅಂಗೈಯನ್ನು ನೋಡಿದವರಿಗೆ, ಮುಕ್ತಿಯ ಲೆಕ್ಕ ಒರಳಿನಿಂದ ಶುರುವಾಗಬೇಕು ಎಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ಬುದ್ಧನ ತತ್ತ್ವವೆಂದರೆ ಕಣ್ಣು ಮುಚ್ಚಿ ಕೂರುವುದು ಎಂದುಕೊಂಡವರು ಇದನ್ನು ಓದಬೇಕು.

ನಮ್ಮ ತಾಲ್ಲೂಕು ಈ ಮಾತಿಗೆ ಹೊರಗಿನದಲ್ಲ. ಅಕ್ಕಮಹಾದೇವಿ ಉಡುತಡಿಯವಳು, ಅಲ್ಲಮಪ್ರಭು ಬಳ್ಳಿಗಾವೆಯವನು, ಸತ್ಯಕ್ಕ ಜಂಬೂರಿನವಳು. ಅರಮನೆಯ ಗಂಡನನ್ನು ಬಿಟ್ಟು ಹೊರಟ ಅಕ್ಕನನ್ನು ಕಲ್ಯಾಣದ ಅನುಭವಮಂಟಪದಲ್ಲಿ ಅಲ್ಲಮ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಪರೀಕ್ಷಿಸುವ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಅಕ್ಕ ಒಂದಕ್ಕೂ ತಲೆತಗ್ಗಿಸುವುದಿಲ್ಲ. ಥೇರಿಯರ ಹಾಡುಗಳನ್ನು ಓದಿದ ಮೇಲೆ ಆ ಸಂವಾದವನ್ನು ಮತ್ತೆ ಓದಿದಾಗ, ಅಕ್ಕ ಒಂಟಿಯಾಗಿ ಆಕಾಶದಿಂದ ಇಳಿದವಳಲ್ಲ, ನೂರಾರು ವರ್ಷಗಳಿಂದ ಮನೆಯ ಬಾಗಿಲು ದಾಟಿ ನಡೆದ ಹೆಂಗಸರ ಸಾಲಿನಲ್ಲಿ ನಿಂತವಳು ಎಂದು ನನಗೆ ತೋರಿತು. ಅವಳಿಗೆ ಥೇರಿಯರ ಪರಿಚಯವಿತ್ತೆಂದು ನಾನು ಹೇಳುತ್ತಿಲ್ಲ. ಆ ಸಾಲನ್ನು ಕಾಣುವವಳು ಓದುವ ಹೆಣ್ಣು.

ವಚನಗಳಿಗೆ ಪುಸ್ತಕ ಸಿಗದವರು ಕಂಪ್ಯೂಟರಿನಲ್ಲಿ ‘ವಚನ ಸಂಚಯ’ವನ್ನು ತೆರೆದರೆ ಬೇಕಾದ ಪದ ಹಿಡಿದು ಹುಡುಕಬಹುದು.

ಕಾನಂಚು (ಹೊಸನಗರ)

ನಾನು ಹೆಚ್ಚು ಓದಿದವನಲ್ಲ. ಮರದ ಕೆಲಸ ಮಾಡುವ ಮನೆತನದವನು. ಒಂದೇ ಕಥೆಯ ಬಗ್ಗೆ ಬರೆಯುತ್ತೇನೆ. ಅದು ಚೀನಾದ ದಾರ್ಶನಿಕ ಜುವಾಂಗ್‌ಜಿಯ ಹೆಸರಿನ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿದೆ.

ಶಿ ಎಂಬ ಬಡಗಿ ಶಿಷ್ಯರ ಜೊತೆ ದಾರಿಯಲ್ಲಿ ಹೋಗುವಾಗ ಊರದೇವರ ಗುಡಿಯ ಹತ್ತಿರ ಭಾರಿ ಮರವೊಂದು ಕಾಣುತ್ತದೆ. ಸಾವಿರಾರು ಎತ್ತುಗಳಿಗೆ ನೆರಳಾಗುವಷ್ಟು ದೊಡ್ಡದು. ಜನ ಜಾತ್ರೆಯಂತೆ ಸೇರಿ ನೋಡುತ್ತಿದ್ದರೂ ಬಡಗಿ ತಿರುಗಿಯೂ ನೋಡದೆ ನಡೆಯುತ್ತಾನೆ. ಶಿಷ್ಯ ಕೇಳಿದಾಗ, ಆ ಮರದಲ್ಲಿ ದೋಣಿ ಮಾಡಿದರೆ ಮುಳುಗುತ್ತದೆ, ಹೆಣದ ಪೆಟ್ಟಿಗೆ ಮಾಡಿದರೆ ಬೇಗ ಕೊಳೆಯುತ್ತದೆ, ಬಾಗಿಲು ಮಾಡಿದರೆ ಅಂಟು ಸುರಿಯುತ್ತದೆ, ಕಂಬ ಮಾಡಿದರೆ ಹುಳು ಹಿಡಿಯುತ್ತದೆ. ಯಾವುದಕ್ಕೂ ಬಾರದ್ದರಿಂದಲೇ ಇಷ್ಟು ಕಾಲ ಉಳಿದಿದೆ ಎನ್ನುತ್ತಾನೆ. ರಾತ್ರಿ ಮರ ಅವನ ಕನಸಿನಲ್ಲಿ ಬಂದು, ನನ್ನನ್ನು ಯಾವುದರ ಜೊತೆ ಹೋಲಿಸುತ್ತಿದ್ದೀಯೆ ಎಂದು ಕೇಳುತ್ತದೆ. ಹಣ್ಣಿನ ಮರಗಳ ಕೊಂಬೆಗಳನ್ನು ಹಣ್ಣಾದ ಕೂಡಲೇ ಮುರಿಯುತ್ತಾರೆ, ಅವುಗಳ ಉಪಯೋಗವೇ ಅವುಗಳ ಬಾಳನ್ನು ಕಹಿಮಾಡುತ್ತದೆ. ಉಪಯೋಗಕ್ಕೆ ಬಾರದಂತಾಗಲು ನಾನು ಬಹುಕಾಲ ಪ್ರಯತ್ನಪಟ್ಟೆ, ಈಗ ಸಾಧಿಸಿದೆ, ನನಗೆ ಅದೇ ದೊಡ್ಡ ಉಪಯೋಗ ಎನ್ನುತ್ತದೆ.

ಬೀಟೆ, ಹೊನ್ನೆ, ಮತ್ತಿ, ನಂದಿ ಎಂದು ಮರವನ್ನು ನೋಡುತ್ತಲೇ ಅಡಿ ಲೆಕ್ಕ ಹಾಕುವ ಕಣ್ಣು ನಮ್ಮ ಮನೆತನದ್ದು. ಗೋಳಿಮರವನ್ನು ನಮ್ಮವರು ಯಾರೂ ಮರವೆಂದು ಗಣಿಸುತ್ತಿರಲಿಲ್ಲ. ಬೆಲೆಯ ಮರಗಳೆಲ್ಲ ಹೋದ ಗುಡ್ಡಗಳಲ್ಲಿ ಇವತ್ತು ಮಂಗಟ್ಟೆ ಹಕ್ಕಿಗೆ ಹಣ್ಣು ಕೊಡುತ್ತಿರುವುದು ಆ ಗೋಳಿಮರಗಳೇ, ಅದರಲ್ಲೂ ಚೌಡಿಬನ, ಭೂತನ ಬನ ಎಂದು ಜನ ಕತ್ತಿ ಹಾಕದೆ ಬಿಟ್ಟ ಜಾಗಗಳಲ್ಲಿ. ಎರಡು ಸಾವಿರ ವರ್ಷಗಳಿಗೂ ಹಿಂದೆ ಚೀನಾದಲ್ಲಿ ಕುಳಿತು ಒಬ್ಬ ಮನುಷ್ಯ ಬಡಗಿಯ ಕನಸಿನೊಳಗೆ ಮರವನ್ನು ಮಾತಾಡಿಸಿದ, ಅದನ್ನು ಓದಿದ ಮೇಲೆ ನನ್ನ ಕಣ್ಣು ಕಾಡನ್ನು ಮೊದಲಿನಂತೆ ನೋಡಲು ಒಪ್ಪುತ್ತಿಲ್ಲ. ಹಳೆಯ ಪುಸ್ತಕದಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ನನ್ನ ಅನುಭವ ಇಷ್ಟೇ. ಪ್ರಯೋಜನ ಎಂದರೆ ಏನು ಎಂಬ ಪ್ರಶ್ನೆಯನ್ನೇ ಆ ಪುಸ್ತಕ ನನ್ನೊಳಗೆ ಹುಟ್ಟಿಸಿತು.

ವಿದ್ಯಾರ್ಥಿ (ಶಂಕರಘಟ್ಟ)

ಕಾನಂಚು ಅಣ್ಣಾ, ನಿಮ್ಮ ಬರಹವನ್ನು ಹಾಸ್ಟೆಲಿನಲ್ಲಿ ಗೆಳೆಯರಿಗೆ ಓದಿ ಹೇಳಿದೆ. ನನ್ನದು ಎರಡು ಪ್ರಶ್ನೆಗಳು. ಚೀನಾ, ಜಪಾನ್, ಪರ್ಷಿಯಾದ ಕೃತಿಗಳು ಕನ್ನಡಕ್ಕೆ ಬರುವುದು ಹೆಚ್ಚಾಗಿ ಇಂಗ್ಲಿಷಿನ ಮೂಲಕ. ಹಾಗೆ ಎರಡು ಸಲ ಸೋಸಿ ಬಂದದ್ದನ್ನು ಓದಿ ಏನು ಸಿಕ್ಕೀತು? ಎರಡನೆಯದು, ಮೊದಲು ನಮ್ಮದನ್ನು ಪೂರ್ತಿ ಓದಿ ಆಮೇಲೆ ಹೊರಗಿನದಕ್ಕೆ ಹೋಗಬೇಕೇ?

ಹೆಗ್ಗೋಡಿನ ದಾರಿ (ಸಾಗರ)

ಮೊದಲನೆಯದಕ್ಕೆ ಹೇಳುತ್ತೇನೆ. ಏಷ್ಯಾದ ಕೃತಿಗಳು ಹುಟ್ಟಿದ ಮನೆಯಲ್ಲಿಯೇ ಕುಳಿತವಲ್ಲ, ಅನುವಾದದಲ್ಲಿ ನಡೆಯುತ್ತಲೇ ಬಾಳಿದವು. ಪಂಚತಂತ್ರ ಆರನೆಯ ಶತಮಾನದಲ್ಲಿ ಪರ್ಷಿಯಾದ ಹಳೆಯ ಭಾಷೆಯಾದ ಪಹ್ಲವಿಗೆ ಹೋಯಿತು. ಅಲ್ಲಿಂದ ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಖಫ್ಫಾ ಅದನ್ನು ‘ಕಲೀಲಾ ವ ದಿಮ್ನಾ’ ಎಂದು ಅರಬ್ಬಿಗೆ ತಂದ. ನಮ್ಮ ದುರ್ಗಸಿಂಹ ಹನ್ನೊಂದನೆಯ ಶತಮಾನದಲ್ಲಿ ವಸುಭಾಗಭಟ್ಟನ ಪಾಠವನ್ನು ಹಿಡಿದು ಕನ್ನಡದಲ್ಲಿ ಬರೆದ. ಬೌದ್ಧ ಸೂತ್ರಗಳನ್ನು ಕುಮಾರಜೀವ ಐದನೆಯ ಶತಮಾನದ ಆರಂಭದಲ್ಲಿ ಚೀನೀ ಭಾಷೆಗೆ ತಂದ. ಅವನ ಸದ್ಧರ್ಮಪುಂಡರೀಕ ಇಂದಿಗೂ ಪೂರ್ವ ಏಷ್ಯಾದಲ್ಲಿ ಪಠಣವಾಗುತ್ತಿದೆ. ಡಿ.ವಿ.ಜಿ.ಯವರ ‘ಉಮರನ ಒಸಗೆ’ ಪರ್ಷಿಯನ್ನಿನ ಉಮರ್ ಖಯ್ಯಾಮನಿಂದ ಇಂಗ್ಲಿಷಿನ ಫಿಟ್ಸ್‌ಜೆರಾಲ್ಡನ ಮೂಲಕವೇ ಬಂದದ್ದು, ಅದು ಕನ್ನಡದ ಕಾವ್ಯವಾಗಿಯೇ ನಿಂತಿದೆ. ಎರಡು ಸಲ ಸೋಸಿದಾಗ ಕಳೆದುಹೋಗುವುದು ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಛಂದಸ್ಸು, ಶ್ಲೇಷೆ, ಆ ಭಾಷೆಯ ಗೌರವದ ಮಾತಿನ ಮೆಟ್ಟಿಲುಗಳು ಉಳಿಯುವುದಿಲ್ಲ. ವಾದ ಉಳಿಯುತ್ತದೆ, ಕಥೆಯ ಎಲುಬು ಉಳಿಯುತ್ತದೆ, ನಮ್ಮ ಮಲೆನಾಡಿನ ಬಡಗಿಗೆ ಅದು ಮುಟ್ಟಿದ್ದನ್ನು ಮೇಲೆಯೇ ನೋಡಿದ್ದೇವೆ.

ನಮ್ಮ ಸೀಮೆಯವರು ಈ ಕೆಲಸವನ್ನು ಎಷ್ಟು ಮಾಡಿದ್ದಾರೆ ಎಂಬುದನ್ನೂ ಹುಡುಗರು ತಿಳಿದಿರಬೇಕು. ತೀರ್ಥಹಳ್ಳಿ ತಾಲ್ಲೂಕಿನ ಮಾಳೂರಿನವರಾದ ಎಸ್.ವಿ. ಪರಮೇಶ್ವರ ಭಟ್ಟರು ಕಾಳಿದಾಸನನ್ನೂ ಭಾಸನ ನಾಟಕಗಳನ್ನೂ ಕನ್ನಡಕ್ಕೆ ತಂದರು. ಮೇಳಿಗೆಯವರಾದ ಯು.ಆರ್. ಅನಂತಮೂರ್ತಿ ಚೀನಾದ ದಾರ್ಶನಿಕ ಲಾವೋತ್ಸೆಯ ‘ದಾವ್ ದ ಜಿಂಗ್’ ಅನ್ನು ಅನುವಾದಿಸಿದ್ದಾರೆ. 81 ಚಿಕ್ಕ ಅಧ್ಯಾಯಗಳ ಆ ಪುಸ್ತಕದ ಹನ್ನೊಂದನೆಯದರಲ್ಲಿ, ಮೂವತ್ತು ಅರಗಳು ಸೇರುವ ಗಾಲಿಯ ಗುಂಬದ ನಡುವಿನ ಬರಿದಾದ ಜಾಗದಿಂದಲೇ ಬಂಡಿ ಓಡುತ್ತದೆ ಎಂಬ ಮಾತಿದೆ. ಅಲ್ಲಮನ ಬಯಲಿನ ವಚನಗಳನ್ನು ಬಲ್ಲವರು ಅದನ್ನು ಓದಿ ನೋಡಬೇಕು. ಎರಡೂ ಒಂದೇ ಎನ್ನುವ ಅವಸರ ಬೇಡ; ಲಾವೋತ್ಸೆಯ ಬರಿದು ಆಳುವವನಿಗೆ ಹೇಳಿದ ಬುದ್ಧಿಯೂ ಹೌದು, ಅಲ್ಲಮನಿಗೆ ಆಳುವವರ ಗೊಡವೆಯೇ ಇಲ್ಲ.

ಎರಡನೆಯ ಪ್ರಶ್ನೆಗೆ, ಬೇಡ ಎಂದೇ ನನ್ನ ಉತ್ತರ. ನಮ್ಮದನ್ನು ಪೂರ್ತಿ ಓದಿ ಮುಗಿಸಿದವರು ಯಾರೂ ಇಲ್ಲ. ಅಕ್ಕಪಕ್ಕ ಇಟ್ಟುಕೊಂಡೇ ಓದಿ. ರನ್ನ ‘ಅಜಿತಪುರಾಣ’ವನ್ನು ಮುಗಿಸಿದ್ದು 993ರಲ್ಲಿ, ಪರ್ಷಿಯಾದ ಕವಿ ಫಿರ್ದೌಸಿ ‘ಶಾಹನಾಮೆ’ಯನ್ನು ಮುಗಿಸಿದ್ದು 1010ರಲ್ಲಿ, ಜಪಾನಿನ ಅರಮನೆಯಲ್ಲಿ ಮುರಸಾಕಿ ಶಿಕಿಬು ಎಂಬ ಹೆಂಗಸು 54 ಅಧ್ಯಾಯಗಳ ಗೆಂಜಿಯ ಕಥೆಯನ್ನು ಬರೆಯುತ್ತಿದ್ದದ್ದೂ ಅದೇ ಕಾಲದಲ್ಲಿ. ರನ್ನನ ‘ಗದಾಯುದ್ಧ’ದ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆಯುವಾಗ ಶತ್ರುವಿನ ಮಗ ಅಭಿಮನ್ಯುವಿನ ಮುಂದೆ ನಿಂತು ಕೈಮುಗಿದು, ಅಂಥ ಸಾವು ತನಗೂ ಬರಲೆಂದು ಬೇಡುತ್ತಾನೆ. ಫಿರ್ದೌಸಿಯ ರುಸ್ತುಮ್ ಗುರುತು ಸಿಗದೆ ತನ್ನ ಮಗ ಸೊಹ್ರಾಬನನ್ನೇ ಇರಿದು, ತೋಳಿನ ಗುರುತು ಕಂಡ ಮೇಲೆ ಗೋಳಾಡುತ್ತಾನೆ. ಗೆಲುವನ್ನು ಹಾಡಬೇಕಾದ ವೀರಕಾವ್ಯ ಎರಡು ಕಡೆಯೂ ಅಳುವುದಕ್ಕೆ ನಿಂತಿದೆ. ಇದನ್ನು ಒಂದನ್ನೇ ಓದಿದವನು ಕಾಣಲಾರ.

ಭದ್ರೆಯ ದನಿ (ಭದ್ರಾವತಿ)

ಶಿಕಾರಿಪುರದ ಅಕ್ಕ ಥೇರಿಯರ ಬಗ್ಗೆ ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ನನ್ನ ತಕರಾರನ್ನು ನಾನು ಹಿಂತೆಗೆದುಕೊಳ್ಳುತ್ತಿಲ್ಲ. ಓದುವ ಕೂಟ ಯಾರ ಮನೆಯ ಜಗಲಿಯಲ್ಲಿ ನಡೆಯುತ್ತದೆ, ಯಾರು ಕುರ್ಚಿಯಲ್ಲಿ ಕೂರುತ್ತಾರೆ, ಮಾತು ಮೊದಲು ಯಾರಿಗೆ ಸಿಗುತ್ತದೆ ಎಂಬುದು ಪುಸ್ತಕದಷ್ಟೇ ಮುಖ್ಯ. ದೇವಸ್ಥಾನದ ಚಂದ್ರಶಾಲೆಯ ಬದಲು ಸಾರ್ವಜನಿಕ ಗ್ರಂಥಾಲಯದಲ್ಲಿ ಸೇರುವುದಾದರೆ ನಾನೂ ಬರುತ್ತೇನೆ. ಶಂಬೂಕನ ಪ್ರಸಂಗವನ್ನು ಮೂಲದಲ್ಲಿರುವಂತೆಯೇ, ಒಂದು ಮಾತನ್ನೂ ಮೆದು ಮಾಡದೆ ಓದಬೇಕು, ಅದಾದ ಮೇಲೆ ‘ಶೂದ್ರ ತಪಸ್ವಿ’ ಓದಬೇಕು ಎಂಬುದು ನನ್ನ ಷರತ್ತು.

ತುಂಗಾತೀರ (ತೀರ್ಥಹಳ್ಳಿ)

ಷರತ್ತು ಪೂರ್ತಿ ಒಪ್ಪಿಗೆ. ಗ್ರಂಥಾಲಯದವರನ್ನು ಕೇಳುವ ಹೊಣೆ ನನ್ನದು. ಕೊಪ್ಪದವರಿಗಾಗಿ ಪ್ರತಿ ಸಲವೂ ಮೊದಲು ಗಟ್ಟಿಯಾಗಿ ಓದಿ ಕೇಳಿಸಿ, ಆಮೇಲೆ ಚರ್ಚೆಗೆ ಇಳಿಯೋಣ. ಗಮಕಪ್ರಿಯರು ಉದ್ಯೋಗಪರ್ವದ ವಾಚನಕ್ಕೆ ಒಪ್ಪಿದರೆ ಬಹಳ ಸಂತೋಷ.

ವಿದ್ಯಾರ್ಥಿ (ಶಂಕರಘಟ್ಟ)

ಜುವಾಂಗ್‌ಜಿಯ ಮರದ ಕಥೆಯ ಬಗ್ಗೆ ಹಾಸ್ಟೆಲಿನಲ್ಲಿ ಜಗಳವೇ ಆಯಿತು. ಆ ಮರ ಗುಡಿಯ ಮರವಾಗಿದೆಯಲ್ಲ, ಜನ ಪೂಜೆ ಮಾಡುತ್ತಾರಲ್ಲ, ಹಾಗಾದರೆ ಅದು ಉಪಯೋಗಕ್ಕೆ ಬಾರದ್ದು ಹೇಗಾಯಿತು ಎಂದು ಒಬ್ಬ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ.

ಕಾನಂಚು (ಹೊಸನಗರ)

ತಮ್ಮಾ, ನಿನ್ನ ಗೆಳೆಯ ಕೇಳಿದ್ದನ್ನೇ ಕಥೆಯಲ್ಲಿ ಶಿಷ್ಯನೂ ಕೇಳುತ್ತಾನೆ. ಸುಮ್ಮನಿರು, ಅದು ಗುಡಿಯ ಮರೆಯನ್ನು ಪಡೆದು ನಿಂತಿದೆ ಅಷ್ಟೆ, ಗುಡಿಯಿಲ್ಲದಿದ್ದರೆ ಕಡಿದುಹಾಕುತ್ತಿರಲಿಲ್ಲವೇ ಎಂದು ಗುರು ಹೇಳುತ್ತಾನೆ. ಆ ಉತ್ತರ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ದೇವರ ಭಯ ಹೋದ ಕಡೆ ಬನಗಳಿಗೂ ಕೊಡಲಿ ಬಿದ್ದಿರುವುದನ್ನು ನಾನು ಕಂಡಿದ್ದೇನೆ, ಹಾಗಾಗಿ ಮರದ ಜಾಣತನಕ್ಕಿಂತ ಜನರ ನಂಬಿಕೆಯೇ ಅದನ್ನು ಉಳಿಸಿತು ಎಂದು ನನ್ನ ವಾದ. ಆ ಅಧ್ಯಾಯವನ್ನು ಪೂರ್ತಿ ಓದಿಕೊಂಡು ಬನ್ನಿ, ನಿನ್ನ ಗೆಳೆಯನನ್ನೂ ಕರೆದುಕೊಂಡು ಬಾ. ಮರದ ಪರವಾಗಿ ಅವನು ಮಾತಾಡಲಿ.